ಚಂದ್ರಗಿರಿ ಹೊಳೆಯ ಈಚೆಯಿಂದ

"ಮನೆಯಲ್ಲಿ ಮಲಯಾಳ, ಹುಟ್ಟೂರು ಕೇರಳದಲ್ಲಿ. ಹಾಗಿದ್ದ ಮೇಲೆ ಕನ್ನಡದಲ್ಲಿ ಕಾದಂಬರಿ ಬರೆದದ್ದು ಯಾಕೆ?" ಸಾರಾ ಅಬೂಬಕ್ಕರ್ ಬಗ್ಗೆ ನೀನು ಹೀಗೆ ಕೇಳಿದಾಗ ನನಗೇ ಆಶ್ಚರ್ಯವಾಯಿತು. ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆ ಇದು.

ಕೇರಳದ ಉತ್ತರ ತುದಿಯಲ್ಲಿರುವ ನಮ್ಮ ಕಾಸರಗೋಡಿನಲ್ಲಿ ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಇಬ್ಬರೂ ಕನ್ನಡದ ಕವಿಗಳು. ನನ್ನ ಮನೆಯಲ್ಲೂ ತುಳುವೇ. ಆದರೆ ಪೆನ್ನು ಹಿಡಿದರೆ ಬರುವುದು ಕನ್ನಡ.

ಸಾರಾ ಹುಟ್ಟಿದ್ದು 1936ರಲ್ಲಿ. ಅವರ ಸಮುದಾಯದ ಹುಡುಗಿಯರು ಹೈಸ್ಕೂಲು ಕಾಣುವುದೇ ಅಪರೂಪವಾಗಿದ್ದ ಕಾಲ. ಅವರು ಕನ್ನಡ ಶಾಲೆಗೆ ಹೋದರು. ಆಮೇಲೆ ಮದುವೆ, ನಾಲ್ವರು ಗಂಡುಮಕ್ಕಳು, ಮಂಗಳೂರಿನ ಸಂಸಾರ. ಮುಂದೆ ಕಲಿಯುವ ಆಸೆ ಅಲ್ಲಿಗೇ ನಿಂತಿತು. ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ತಲಾಖ್ ಆದ ಹೆಣ್ಣಿನ ಸಂಕಟ ಬರೆದದ್ದಕ್ಕೆ ಬೈಗುಳ, ಬೆದರಿಕೆ ಎಲ್ಲ ಬಂತು. ಮಲಯಾಳದಲ್ಲಿ ಅತ್ತ ಹೆಂಗಸರ ಕಥೆ ಕನ್ನಡದಲ್ಲಿ ಹೊರಗೆ ಬಂತು. ಅವರು ಎಳವೆಯಲ್ಲಿ ಕೂತ ಆ ಕನ್ನಡ ಶಾಲೆಯ ಬೆಂಚು ಎಷ್ಟು ದೊಡ್ಡದು, ಯೋಚಿಸು.

ಆ ಬೆಂಚಿಗಾಗಿಯೇ ನಮ್ಮ ಈಗಿನ ಜಗಳ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಅದು ಹಳೇ ನೋವು. ಈಗಿನದು ಬೇರೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಗೊತ್ತಿಲ್ಲದ ಟೀಚರನ್ನು ಕಳಿಸುತ್ತಾರೆ. ಅವರನ್ನು ದೂರುವುದಿಲ್ಲ, ಪಾಪ, ಅವರಿಗೂ ಕಷ್ಟ. ಆದರೆ ಮಕ್ಕಳು ಏನು ಮಾಡಬೇಕು?

ಮೊನ್ನೆ ಅಣ್ಣನ ಮಗಳ ಗಣಿತದ ಪುಸ್ತಕ ನೋಡಿದೆ. ಟೀಚರ್ ಹೇಳಿದ್ದನ್ನು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ: 'ಹರಿಕ್ಕುಕ'. ಮಲಯಾಳದಲ್ಲಿ ಅದು ಭಾಗಿಸು ಅಂತ. "ಇದರ ಅರ್ಥ ಏನು ಮಗಾ?" ಎಂದೆ. "ಹರಿಯುವುದು ಅಲ್ವಾ, ಕಾಗದ ಹರಿಯುವ ಹಾಗೆ?" ಎಂದಳು. ಲೆಕ್ಕ ಎಲ್ಲ ತಪ್ಪು. ಬುದ್ಧಿ ಚುರುಕಿರುವ ಹುಡುಗಿ, ಕಥೆ ಕಟ್ಟಿ ಹೇಳುವುದರಲ್ಲಿ ಎತ್ತಿದ ಕೈ.

ನೀನು 'ಕೇರಳದವರು' ಎಂದಾಗ ನೋವಾಗುವುದು ಇದಕ್ಕೇ. ಇಲ್ಲಿ 'ನಿಮಗೆ ಕನ್ನಡ ಯಾಕೆ' ಅನ್ನುತ್ತಾರೆ, ಅಲ್ಲಿ ಕರ್ನಾಟಕದಲ್ಲಿ ನೀವೂ ಅದನ್ನೇ ಕೇಳುತ್ತೀರಿ.

ಅವಳ ಪುಸ್ತಕದಲ್ಲಿ ಆ ಪದದ ಮೇಲೆ ಪೆನ್ಸಿಲಿನಲ್ಲಿ 'ಭಾಗಿಸು' ಎಂದು ಬರೆದುಕೊಟ್ಟೆ. ಸೋಮವಾರ ಅಣ್ಣನೂ ನಾನೂ ಮತ್ತೆ ಆಫೀಸಿಗೆ ಹೋಗುತ್ತೇವೆ. ಕನ್ನಡ ಬಲ್ಲ ಟೀಚರ್ ಬೇಕೆಂದು ಇದು ಮೂರನೇ ಅರ್ಜಿ. ಕನ್ನಡದಲ್ಲೇ ಬರೆದಿದ್ದೇವೆ.