ತರಗೆಲೆಗೆ ಬೆಂಕಿ ಇಡಬೇಡಿ

ಪ್ರಶ್ನೆ: ನಮ್ಮ ಮನೆ ಮುಂದೆ ದೊಡ್ಡ ಹೊಂಗೆ ಮರ, ಹಿತ್ತಲಲ್ಲಿ ಒಂದು ಮಾವು. ಸಂಕ್ರಾಂತಿ ಕಳೆದ ಮೇಲೆ ದಿನಾ ಬೆಳಿಗ್ಗೆ ಎರಡು ಮಂಕರಿ ತರಗೆಲೆ ಗುಡಿಸುತ್ತೇನೆ. ಯಜಮಾನರು ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ. 'ಬೂದಿನೂ ಗೊಬ್ಬರ ತಾನೇ' ಅನ್ನುತ್ತಾರೆ. ಆ ಹೊಗೆಗೆ ಅತ್ತೆಯವರಿಗೆ ಉಬ್ಬಸ ಜಾಸ್ತಿಯಾಗುತ್ತಿದೆ. ಒಂದು ಸಲ ಎಲೆಯನ್ನು ಚೀಲಕ್ಕೆ ತುಂಬಿಟ್ಟೆ. ಆರು ತಿಂಗಳಾದರೂ ಹಾಗೇ ಇತ್ತು. ಏನು ಮಾಡಲಿ?
— ಒಬ್ಬ ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಆ ಬೆಂಕಿ ನಿಲ್ಲಲಿ. ಮನೆಯಲ್ಲಿ ಉಬ್ಬಸದವರಿದ್ದಾರೆ, ಇದನ್ನು ನಾಳೆಗೆ ಬಿಡಬೇಡಿ. ಯಜಮಾನರ ಮಾತಲ್ಲಿ ಅರ್ಧ ನಿಜ ಇದೆ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಉಳಿಯುತ್ತವೆ. ಆದರೆ ಎಲೆಯಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗಿಬಿಡುತ್ತದೆ. ಮಣ್ಣನ್ನು ಮೆತ್ತಗೆ ಮಾಡಿ ನೀರು ಹಿಡಿದಿಡುವುದು ಕೊಳೆತ ಎಲೆ. ಅದೂ ಇಲ್ಲವಾಗುತ್ತದೆ. ಒಂದು ಮಂಕರಿ ಎಲೆ ಸುಟ್ಟರೆ ಕೈಗೆ ಬರುವುದು ಒಂದು ಹಿಡಿ ಬೂದಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಕೊಟ್ಟಿದೆ. ಅದನ್ನೂ ಅವರ ಕಿವಿಗೆ ಹಾಕಿ.

ಇನ್ನು ನಿಮ್ಮ ಚೀಲದ ವಿಷಯ. ಅದು ಕೊಳೆಯಲಿಲ್ಲ, ಯಾಕಂದರೆ ಒಳಗೆ ತೇವ ಇರಲಿಲ್ಲ. ಸರಸ್ವತಿಪುರಂ ಮನೆಗೆ ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಗುಡ್ಡೆಯ ಮೇಲೆ ನಾಲ್ಕು ಚೊಂಬು ನೀರು ಚಿಮುಕಿಸಿ ಸುಮ್ನೆ ಬಿಟ್ಟಿದ್ದೆ. ಮೂರು ತಿಂಗಳ ಮೇಲೆ ಕೈ ಹಾಕಿದರೆ ಮೇಲಿನ ನಾಲ್ಕು ಬೆರಳಷ್ಟು ಮಾತ್ರ ಒದ್ದೆ. ಒಳಗೆಲ್ಲಾ ಹಪ್ಪಳದ ಹಾಗೆ ಗರಿಗರಿ. ಒಣಗಿದ ಎಲೆ ನೀರನ್ನು ಸುಲಭಕ್ಕೆ ಹೀರುವುದಿಲ್ಲ, ಜಾರಿಸಿಬಿಡುತ್ತದೆ. ಮಾವಿನ ಎಲೆಯಂತೂ ಮೇಣ ಸವರಿದ ಹಾಗಿರುತ್ತದೆ. ಅದಕ್ಕೆ ಈಗ ನಾನು ಎಲೆಯನ್ನು ಬಟ್ಟೆ ನೆನೆಹಾಕುವ ಹಳೇ ಟಬ್ಬಿನಲ್ಲಿ ಒಂದು ರಾತ್ರಿ ಮುಳುಗಿಸಿಡುತ್ತೇನೆ. ಮೇಲೆ ತೇಲದಂತೆ ಒಂದು ಕಲ್ಲು ಹೇರುತ್ತೇನೆ. ಅಕ್ಕಿ ತೊಳೆದ ನೀರಿದ್ದರೆ ಅದನ್ನೂ ಅದಕ್ಕೇ ಸುರಿಯುತ್ತೇನೆ.

ಕೋಳಿಗೂಡಿಗೆ ಹಾಕುವ ತಂತಿ ಜಾಲರಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಅಡಿ ತಂದು ಸುತ್ತಿ ಕಟ್ಟಿದರೆ ಮೂರು ಅಡಿ ಅಗಲದ ಗೂಡಾಗುತ್ತದೆ. ಸಿಮೆಂಟಿನ ಮೇಲೆ ಬೇಡ, ಮಣ್ಣಿನ ಮೇಲೆ, ಮರದ ನೆರಳಲ್ಲಿ ನಿಲ್ಲಿಸಿ. ಎರೆಹುಳ ತಾನಾಗೇ ಹತ್ತಿ ಬರುತ್ತದೆ. ಮನೆ ಗೋಡೆಗೆ, ಬಾಗಿಲ ಚೌಕಟ್ಟಿಗೆ ತಾಗಿಸಿ ಇಡಬೇಡಿ, ಗೆದ್ದಲು ಬರಬಹುದು. ನೆನೆದ ಎಲೆ ಒಂದು ಗೇಣು ಹಾಕಿ. ಮೇಲೆ ಸಗಣಿ ಬಗ್ಗಡ, ಇಲ್ಲದಿದ್ದರೆ ನೀರು ಬೆರೆಸಿದ ಹುಳಿ ಮಜ್ಜಿಗೆ. ಎರಡು ಹಿಡಿ ತೋಟದ ಮಣ್ಣು ಉದುರಿಸಿ. ಮತ್ತೆ ಎಲೆ. ತರಕಾರಿ ಸಿಪ್ಪೆ ಸೇರಿಸುವುದಾದರೆ ಒಂದು ಪಾಲು ಸಿಪ್ಪೆಗೆ ಮೂರು ಪಾಲು ಎಲೆ ಇರಲಿ. ಸಿಪ್ಪೆ ಜಾಸ್ತಿಯಾದರೆ ನಾರುತ್ತದೆ. ತುಂಬಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ.

ಈ ಬಗ್ಗಡ ಯಾಕೆ ಅಂತ ಕೇಳಬಹುದು. ಮದ್ದೂರು ಕಡೆಯ ನಮ್ಮೂರಲ್ಲಿ ನಾಟಿಗೆ ಮುಂಚೆ ಹಸಿ ಹೊಂಗೆ ಸೊಪ್ಪನ್ನು ಕೆಸರುಗದ್ದೆಗೆ ಹಾಕಿ ತುಳಿಯುತ್ತಿದ್ದರು. ಬೇರೇನೂ ಬೆರೆಸುತ್ತಿರಲಿಲ್ಲ. ಹಸಿ ಸೊಪ್ಪಲ್ಲಿ ಸಾರಜನಕ ತುಂಬಾ ಇರುತ್ತದೆ. ಆದರೆ ಎಲೆ ಹಳದಿಯಾಗಿ ಉದುರುವ ಮುಂಚೆ ಮರ ಅದರಲ್ಲಿ ಒಂದು ಪಾಲನ್ನು ವಾಪಸ್ ಎಳೆದುಕೊಂಡಿರುತ್ತದೆ. ಹೊಸ ಚಿಗುರಿಗೆ ಬೇಕಲ್ವಾ? ಆ ಕೊರತೆಯನ್ನು ನಾವು ಸಗಣಿಯಿಂದಲೋ ಸಿಪ್ಪೆಯಿಂದಲೋ ತುಂಬಬೇಕು.

ಹದಿನೈದು ದಿನಕ್ಕೊಮ್ಮೆ ಕೆದಕಿ ಮೇಲೆ ಕೆಳಗೆ ಮಾಡಿ. ಬರಿಗೈ ಹಾಕಬೇಡಿ, ಚೇಳು ಜರಿ ಸೇರಿಕೊಂಡಿರುತ್ತವೆ. ಗ್ಲೌಸ್ ಹಾಕಿಕೊಂಡು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದವಾಗಿದೆ. ಏನೂ ಬರದಿದ್ದರೆ ನೀರು ಹಾಕಿ. ಶಿವರಾತ್ರಿ ಆದ ಮೇಲಿನ ಬಿಸಿಲಿಗೆ ವಾರಕ್ಕೆರಡು ಸಲ ಬೇಕಾಗುತ್ತದೆ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಎಲೆ ಕರಗಿಸುವುದು ಅದೇ. ನನ್ನ ಗೂಡಲ್ಲಿ ಎರಡನೇ ತಿಂಗಳಿಗೆ ಹೊಂಗೆ ಎಲೆಯ ಹಸಿರು ಹಳದಿ ಎಲ್ಲಾ ಹೋಗಿ ನರಗಳ ಬಲೆ ಮಾತ್ರ ಉಳಿದಿರುತ್ತದೆ. ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದರೆ ಸೊಳ್ಳೆಪರದೆ ಹಾಗೆ ಕಾಣುತ್ತದೆ. ನಾಲ್ಕನೇ ತಿಂಗಳಿಗೆ ಅದೂ ಪುಡಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಮಾವಿನ ಎಲೆಯನ್ನು ಬೇರೆ ಗೂಡಿಗೆ ಹಾಕಿ. ಅದಕ್ಕೆ ಎಂಟು ತಿಂಗಳೂ ಹಿಡಿಯಬಹುದು. ಜೊತೆಗೆ ಹಾಕಿದರೆ ಗೊಬ್ಬರ ಸೋಸುವಾಗ ಕಷ್ಟ. ನೀಲಗಿರಿ ಎಲೆ, ರೋಗ ಬಂದ ಗಿಡದ ಎಲೆ ಬೇಡವೇ ಬೇಡ.

ಎಲ್ಲಾ ಎಲೆಯೂ ಗೂಡಿಗೇ ಹೋಗಬೇಕೆಂದಿಲ್ಲ. ಒಂದಷ್ಟನ್ನು ದಾಸವಾಳ, ಕರಿಬೇವಿನ ಬುಡಕ್ಕೆ ಮೂರು ಬೆರಳು ದಪ್ಪ ಹಾಸಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ. ಬೇಸಿಗೆಯಲ್ಲಿ ದಿನಾ ನೀರು ಕೇಳುವ ಗಿಡ ಎರಡು ದಿನ ತಡೆಯುತ್ತದೆ.

ಪ್ರಶ್ನೆ: ನಮ್ಮದು ಬರೀ ತಾರಸಿ, ಇಪ್ಪತ್ತು ಕುಂಡ. ಬೀದಿ ಮರದ ಎಲೆ ತಂದರೆ ಉಪಯೋಗ ಇದೆಯಾ?
— ಒಬ್ಬ ಓದುಗರು, ಮಂಡ್ಯ

ಉತ್ತರ: ಖಂಡಿತ ಇದೆ. ಗುಟ್ಕಾ ಪ್ಯಾಕೆಟ್ಟು, ಪ್ಲಾಸ್ಟಿಕ್ ಆರಿಸಿ ತೆಗೆಯಿರಿ. ಚರಂಡಿ ಪಕ್ಕದ್ದು ಬೇಡ. ಹೊಸ ಕುಂಡ ತುಂಬುವಾಗ ಕೆಳಗಿನ ಮೂರನೇ ಒಂದು ಭಾಗಕ್ಕೆ ನೆನೆಸಿದ ಎಲೆ ಒತ್ತಿ ತುಂಬಿ, ಮೇಲೆ ಮಣ್ಣು ಗೊಬ್ಬರ. ತಾರಸಿ ಮೇಲಿನ ಭಾರ ಕಡಿಮೆಯಾಗುತ್ತದೆ, ಮಣ್ಣು ಕೊಳ್ಳುವ ದುಡ್ಡೂ ಉಳಿಯುತ್ತದೆ. ಎಲೆ ಕೊಳೆತಂತೆ ಮಣ್ಣು ಕುಸಿಯುತ್ತದೆ, ಆಗ ಮೇಲಿಂದ ಇನ್ನಷ್ಟು ತುಂಬಿ. ಕುಂಡದ ತೂತಿಗೆ ಎಲೆ ಅಂಟಿ ನೀರು ಕಟ್ಟದಂತೆ ತಳದಲ್ಲಿ ಒಂದು ಹೆಂಚಿನ ಚೂರು ಇಡಿ.