ಐದು ವರ್ಷಗಳ ಸೇವೆಯನ್ನು ಬಿಟ್ಟು ಹೊರಡಲೇ?

ಪ್ರಶ್ನೆ: ಬಯಲುಸೀಮೆಯ ಹಳ್ಳಿಯೊಂದರಲ್ಲಿ ಐದು ವರ್ಷಗಳಿಂದ ಯೇಸುವಿನ ಸಂದೇಶ ಸಾರುವ ಸುವಾರ್ತಾ ಸೇವೆಯಲ್ಲಿದ್ದೇನೆ. ಭಾನುವಾರದ ಪ್ರಾರ್ಥನೆಗೆ ಬರುವವರು ಓದು ಬಾರದ ಒಬ್ಬ ಅಜ್ಜಿ ಮಾತ್ರ. ನಮ್ಮ ಸಭೆಯಿಂದ ಬರುತ್ತಿದ್ದ ಹಣ ನಿಂತುಹೋಗಿದೆ. ಹೆಂಡತಿ ಕೊಡ ಹಿಡಿದು ನಲ್ಲಿಯ ಬಳಿ ಹೋದರೆ ಉಳಿದವರು ಮಾತು ನಿಲ್ಲಿಸುತ್ತಾರೆ. ಆಕೆ ತವರಿಗೆ ಹೋಗೋಣ ಎನ್ನುತ್ತಾಳೆ. ಐಟಿಐ ಓದಿರುವ ನಾನು ಕೆಲಸ ಹಿಡಿದರೆ ದೇವರ ಕರೆಗೆ ದ್ರೋಹ ಮಾಡಿದಂತಾಗುವುದೇ?

ಉತ್ತರ: ಪ್ರಿಯ ಸಹೋದರರೇ, ದುಡಿದು ಮನೆ ನಡೆಸುವುದು ದ್ರೋಹವಲ್ಲ. ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ಗುಡಾರ ಮಾಡುವ ಕಸುಬಿನಿಂದ ಜೀವನ ಸಾಗಿಸುತ್ತ, ಯೆಹೂದ್ಯರ ವಿಶ್ರಾಂತಿ ದಿನವಾದ ಸಬ್ಬತ್ ದಿನಗಳಲ್ಲಿ ಅವರ ಸಭಾಮಂದಿರದಲ್ಲಿ ಸುವಾರ್ತೆ ಸಾರಿದನು. ಆ ಊರಿಗೆ ಬಂದಾಗ ತಾನು ಬಲಹೀನನಾಗಿ, ಭಯದಿಂದ ನಡುಗುತ್ತಿದ್ದೆನೆಂದು ಮುಂದೆ ಅಲ್ಲಿಯವರಿಗೇ ಬರೆದನು. ಆದ್ದರಿಂದ ನಿಮ್ಮ ದಣಿವನ್ನು ಕಂಡು ಕರೆಯೇ ಸುಳ್ಳೆಂದುಕೊಳ್ಳಬೇಡಿ.

1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲಿಷ್ ಮಿಷನರಿ ವಿಲಿಯಂ ಕೇರಿಯವರು ಮದನಾಬತಿಯ ನೀಲಿ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿ ದುಡಿಯುತ್ತಲೇ ಬೈಬಲನ್ನು ಬಂಗಾಳಿಗೆ ಅನುವಾದಿಸುತ್ತಿದ್ದರು. ಅವರ ಸೇವೆಯ ಮೊದಲ ಫಲವಾಗಿ ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ ಕೊನೆಯಲ್ಲಿ. ಅಲ್ಲಿಯವರೆಗಿನ ಏಳು ವರ್ಷಗಳ ಕಾಯುವಿಕೆಯನ್ನು ನಾವು ಸಭೆಗಳಲ್ಲಿ ಮತ್ತೆಮತ್ತೆ ನೆನೆಯುತ್ತೇವೆ, ಕೇರಿಯವರ ಪತ್ನಿ ಡೊರೊಥಿಯವರನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಭಾರತಕ್ಕೆ ಬರಲು ಮೊದಲು ಒಪ್ಪದಿದ್ದ ಆ ತಾಯಿ, 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ ಬಳಿಕ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಕೇರಿಯವರ ತಾಳ್ಮೆಯನ್ನು ಮನಸಾರೆ ಗೌರವಿಸುವ ನನಗೆ, ಆ ಸೇವೆಯ ಬೆಲೆಯಲ್ಲಿ ದೊಡ್ಡ ಪಾಲನ್ನು ತೆತ್ತವರು ಡೊರೊಥಿ ಎಂದೇ ಅನಿಸುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ನಲ್ಲಿಯ ಮಾತು. ಬಾಗಿಲು ಮುಚ್ಚಿದ ಮನೆಗಳಿಂದ ನೀವು ಹಿಂದಿರುಗಿ ಬರಬಹುದು, ಆದರೆ ನಿಮ್ಮ ಪತ್ನಿ ಆ ಮೌನದ ನಡುವೆ ಕೊಡ ತುಂಬುವವರೆಗೂ ನಿಂತಿರಬೇಕು, ಮರುದಿನ ಮತ್ತೆ ಅಲ್ಲಿಗೇ ಹೋಗಬೇಕು. ಆಕೆಯ ಮಾತನ್ನು ಅವಿಶ್ವಾಸವೆಂದು ತಳ್ಳಿಹಾಕದೆ, ಬೈಬಲ್ ವಚನದಿಂದ ಬಾಯಿ ಮುಚ್ಚಿಸದೆ, ಪೂರ್ತಿಯಾಗಿ ಕೇಳಿರಿ. ಕೆಲವು ತಿಂಗಳು ತವರಿನಲ್ಲಿ ಇದ್ದು ಬರುತ್ತೇನೆಂದರೆ ಸಂತೋಷದಿಂದ ಕಳುಹಿಸಿಕೊಡಿ. ಇನ್ನು ಇಲ್ಲಿ ಇರಲಾರೆ ಎಂದರೆ ಮನೆಯನ್ನು ತಾಲ್ಲೂಕು ಕೇಂದ್ರಕ್ಕೆ ಬದಲಿಸಿ, ಹಳ್ಳಿಗೆ ವಾರಕ್ಕೊಮ್ಮೆ ಹೋಗಿ ಬನ್ನಿ.

ಐಟಿಐ ಓದಿರುವ ನಿಮಗೆ ಅಲ್ಲಿ ಮೋಟಾರು ರಿಪೇರಿಯ ಕೆಲಸ ಸಿಗುವುದು ಕಷ್ಟವಾಗಲಾರದು. ಒಂದು ಎಚ್ಚರಿಕೆ ಮಾತ್ರ ಇರಲಿ: ಕೂಲಿ ಕಡಿಮೆ ಮಾಡಿ ಯಾರನ್ನೂ ಪ್ರಾರ್ಥನೆಗೆ ಕರೆಯಬೇಡಿ. ಪಂಪ್‌ಸೆಟ್ ಸರಿಮಾಡಿದ್ದಕ್ಕೆ ನ್ಯಾಯವಾದ ಕೂಲಿ ಪಡೆಯಿರಿ, ನಿಮ್ಮ ನಂಬಿಕೆಯ ಬಗ್ಗೆ ಅವರಾಗಿ ಕೇಳಿದರೆ ಮನಬಿಚ್ಚಿ ಹೇಳಿರಿ, ಬೇಡವೆಂದರೆ ಅಲ್ಲಿಗೇ ನಿಲ್ಲಿಸಿರಿ.

ಆ ಅಜ್ಜಿಯನ್ನು 'ಒಬ್ಬರು ಮಾತ್ರ' ಎಂದು ಬರೆದಿದ್ದೀರಿ. ಓದು ಬಾರದ ಅವರಿಗೆ ಬೈಬಲಿನ ಕೀರ್ತನೆಗಳನ್ನು ಓದಿ ಹೇಳಲು ಆ ಊರಿನಲ್ಲಿ ಬೇರೆ ಯಾರಿದ್ದಾರೆ? ಎಲ್ಲಿಗೆ ಮನೆ ಬದಲಿಸಿದರೂ ಈ ಭಾನುವಾರ ಯಾವ ಬಸ್ಸಿಗೆ ಬರುತ್ತೀರೆಂದು ಅವರಿಗೆ ಮುಂಚಿತವಾಗಿ ತಿಳಿಸಿರಿ.