ಥೆಲೋನಿಯಸ್ ಮಂಕ್: ಎಲ್ಲಿಂದ ಕೇಳಬೇಕು?

ಅಮೆರಿಕದ ಜಾಝ್ ಪಿಯಾನೋ ವಾದಕ ಮಂಕ್ ನುಡಿಸಿದ್ದು ನಿಮಗೆ ತಪ್ಪುತಪ್ಪಾಗಿ ಕೇಳಿಸಿದರೆ, ಬಹುಶಃ ಅವರ ‘ಬ್ರಿಲಿಯಂಟ್ ಕಾರ್ನರ್ಸ್’ ಆಲ್ಬಮ್‌ನಿಂದ ಶುರು ಮಾಡಿದ್ದೇ ಕಾರಣ. 1956ರಲ್ಲಿ ಅದರ ಶೀರ್ಷಿಕೆ ಗೀತೆಯನ್ನು ವಾದಕರು 25 ಸಲ ನುಡಿಸಿದರೂ ಪೂರ್ತಿ ಸರಿ ಬರಲಿಲ್ಲ, ಕೊನೆಗೆ ತುಂಡುಗಳನ್ನು ಜೋಡಿಸಿದರು. ಅಷ್ಟು ಕಷ್ಟದ್ದು. ಸದ್ಯಕ್ಕೆ ಬದಿಗಿಡಿ.

ಮೊದಲು ‘ಬ್ಲೂ ಮಂಕ್’ ಕೇಳಿ. 12 ಬಾರ್‌ಗಳ (ತಾಳದ ಸುತ್ತುಗಳ) ಸರಳ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ. ಧಾಟಿ ಬಾಯಿಗೆ ಬರುವವರೆಗೆ ಗುನುಗಿ. ಆಗ ಗೊತ್ತಾಗುತ್ತದೆ, ಅಕ್ಕಪಕ್ಕದ ಎರಡು ಕೀ ಒಟ್ಟಿಗೆ ಒತ್ತುವುದು ತಪ್ಪಲ್ಲ, ಮಂಕ್ ಬೇಕಂತಲೇ ಮಾಡಿದ್ದು. ನಡುವಿನ ಮೌನವೂ ಅಷ್ಟೇ, ಅದು ತುಂಬಾ ಚೆನ್ನ!

ಬ್ಲೂಸ್ ನಿಮಗೆ ಹಿಡಿಸುತ್ತದೋ ಇಲ್ಲವೋ ಹೇಳಲಾರೆ. ಹಿಡಿಸದಿದ್ದರೆ ನೇರವಾಗಿ ಮಂಕ್ 1947ರಲ್ಲಿ ಧ್ವನಿಮುದ್ರಿಸಿದ ‘ರೌಂಡ್ ಮಿಡ್‌ನೈಟ್’ಗೆ ಹೋಗಿ. ಆಮೇಲೆ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆಗಿನ 1957ರ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್ ಕಛೇರಿ. ಅದಾದ ಮೇಲೆ ‘ಬ್ರಿಲಿಯಂಟ್ ಕಾರ್ನರ್ಸ್’ ಮತ್ತೆ ಹಾಕಿ.